ಹುಣಸೆಹಣ್ಣು ಹಾಕಿ ತೊಳೆದ ಬಂದೂಕು

ಅಂದು ಬೆಳಿಗ್ಗೆ ನಮ್ಮ ಯಜಮಾನರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಬಂದೂಕು ಒರೆಸುತ್ತಿದ್ದರು. ಕೈಯಲ್ಲಿ ಹಳೇ ಬನಿಯನ್ನಿನ ಚೂರು, ಪಕ್ಕದಲ್ಲಿ ಎಣ್ಣೆಯ ಪುಟ್ಟ ಬಾಟಲಿ. ಚಹಾ ತಂದಿಟ್ಟರೂ ತಲೆ ಎತ್ತಲಿಲ್ಲ.

“ನನ್ನ ತಲೆಗೆ ಎಣ್ಣೆ ಹಚ್ಚಿ ಅಂದ್ರೆ ಕೈ ನೋಯ್ತಾವೆ. ಇದಕ್ಕಾದ್ರೆ ವಾರಕ್ಕೊಂದ್ಸಲ,” ಅಂದೆ.

“ಇದು ಎದುರುತ್ತರ ಕೊಡಲ್ಲ ನೋಡು,” ಅಂದರು.

ಚಹಾ ಆರಿಹೋಯಿತು. ಮತ್ತೆ ಬಿಸಿ ಮಾಡಿಕೊಟ್ಟೆ. ಆ ದಿನದ ಬಗ್ಗೆ ಹೇಳಲು ಇನ್ನೇನೂ ಇಲ್ಲ. ಮರುದಿನ ಗೊಬ್ಬರ ತರಲು ಹೊನ್ನಾಳಿಗೆ ಹೋದವರು ಬಸ್ಸಿನಿಂದ ಇಳಿಯುವಾಗ ಎದೆ ಹಿಡಿದುಕೊಂಡು ಕುಸಿದರಂತೆ.

ನಮ್ಮದು ನ್ಯಾಮತಿ ತಾಲ್ಲೂಕು. ಸೂರಗೊಂಡನಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಮೆಕ್ಕೆಜೋಳದ ಹೊಲ. ತೆನೆ ಕಟ್ಟಿತೆಂದರೆ ಕಾಡುಹಂದಿ ಬರುತ್ತವೆ. ಮಾವನವರು ಒಬ್ಬ ಕಾಫಿ ತೋಟದವರಿಂದ ಕೊಂಡಿದ್ದ ಇಂಗ್ಲೆಂಡಿನ ಬೇಟೆ ರೈಫಲ್ ಅದು. ಗುಂಡು ಹಾರಿಸಲು ಎಳೆಯುವ ಕುದುರೆಯ ಪಕ್ಕದ ಕಬ್ಬಿಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಒಂದು ಜಿಂಕೆ ಕೆತ್ತಿದ್ದರು. ನಮ್ಮದು ಮಾಂಸ ಬೇಯಿಸದ ಮನೆ. ಯಜಮಾನರು ಮರದ ಹಿಡಿಗೆ ಕೆನ್ನೆ ಒತ್ತಿ ಬಹಳ ಹೊತ್ತು ಗುರಿ ಹಿಡಿದು, ಕೊನೆಗೆ ಹಂದಿಯ ತಲೆಯ ಮೇಲಿಂದ ಹಾಯುವಂತೆ ಹೊಡೆಯುತ್ತಿದ್ದರು. ಹಾಗೆ ಕೆನ್ನೆ ಒತ್ತಿ ಒತ್ತಿ ಆ ಮರದಲ್ಲಿ ಅಂಗೈಯಗಲ ಕಪ್ಪಾಗಿತ್ತು.

ಆಯುಧಪೂಜೆಯ ದಿನ ನೇಗಿಲಿಗೆ, ಕುಡುಗೋಲಿಗೆ, ಪಂಪ್‌ಸೆಟ್ಟಿಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಬಂದೂಕಿನ ಹತ್ತಿರ ಮಾತ್ರ ಅವರು ನಿಂಬೆಹಣ್ಣು ತರಲು ಬಿಡುತ್ತಿರಲಿಲ್ಲ. ಮರದ ಮೇಲೆ ಮೂರು ಬೆರಳು ವಿಭೂತಿ, ಅಷ್ಟೇ. ಏಕೆಂದು ನಾನು ಕೇಳಲಿಲ್ಲ. ಒಂದು ಮಾತನ್ನು ಮಾತ್ರ ಅವರಾಗಿಯೇ ಎರಡು ಮೂರು ಸಲ ಹೇಳಿದ್ದರು: “ಇದು ನಮ್ಮನೆ ಬಿಟ್ಟು ಹೋಗೋದಾದ್ರೆ ತಿಳಿದೋರ ಕೈಗೆ ಹೋಗಬೇಕು.”

ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಅವರಿಲ್ಲದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿ, ಲೈಸೆನ್ಸ್ ಇದ್ದವರಿಗೆ ಮಾರಬೇಕೆಂದು ಮೈದುನ ತಿಳಿದುಕೊಂಡು ಬಂದ. ತಿಳಿದವರನ್ನು ಹುಡುಕುವುದು ನನ್ನ ಕೆಲಸವೆಂದುಕೊಂಡೆ. ಅವರಿಗಾಗಿ ಮಾಡಲು ಉಳಿದಿದ್ದು ಅದೊಂದೇ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕಿಟಕಿಯ ಸರಳು ತಿಕ್ಕಿದೆ. ಆಗ ಬಂದೂಕು ಕಣ್ಣಿಗೆ ಬಿತ್ತು. ಬೇರೆ ಮನೆಗೆ ಒಂದು ಚೊಂಬು ಕೊಟ್ಟರೂ ಬೆಳಗಿ ಕೊಡಬೇಕೆಂದು ತವರಲ್ಲಿ ಕಲಿತವಳು ನಾನು. ಕರ್ರಗೆ ಕೊಟ್ಟರೆ ಆಡಿಕೊಳ್ಳುತ್ತಾರೆ. ಹಿತ್ತಲಿನ ಕಲ್ಲಿನ ಮೇಲಿಟ್ಟು ನಳಿಗೆಗೆ, ಜಿಂಕೆ ಇದ್ದ ಕಬ್ಬಿಣಕ್ಕೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹಿಡಿಯನ್ನು ಸೀಗೆಪುಡಿಯಲ್ಲಿ ಉಜ್ಜಿದೆ. ನೀರು ಕಪ್ಪಗೆ ಹರಿಯಿತು. ಎಷ್ಟು ಕೊಳೆ ಇಟ್ಟುಕೊಂಡಿದ್ದರು ಎಂದು ಮನಸ್ಸಿನಲ್ಲೇ ಬೈದೆ. ಮರುದಿನ ಮೈದುನ ಅದನ್ನು ಠಾಣೆಗೆ ಒಪ್ಪಿಸಿ ಬಂದ.

ಚನ್ನಗಿರಿಯಲ್ಲಿ ಬಂದೂಕು ರಿಪೇರಿ ಮಾಡುವ ಒಬ್ಬ ಅಜ್ಜ ಇದ್ದರು. ಹಳೆಯ ಬೇಟೆ ರೈಫಲ್‌ಗಳ ಬೆಲೆ ಕಟ್ಟುವುದರಲ್ಲಿ ಅವರ ಮಾತೇ ಮಾತು. ಹಳೆಯದನ್ನು ಜತನವಾಗಿಟ್ಟುಕೊಳ್ಳುವ ಒಬ್ಬ ಗಿರಾಕಿ ಇದ್ದಾರೆ, ನೋಡಿ ಹೇಳುತ್ತೇನೆ ಎಂದು ಅವರು ನಮ್ಮ ಠಾಣೆಗೇ ಬಂದರು. ನಾನೂ ಮೈದುನನೂ ಹೋದೆವು.

ಅಜ್ಜ ಕನ್ನಡಕ ಏರಿಸಿ ನಳಿಗೆಯನ್ನು ಬೆಳಕಿಗೆ ಹಿಡಿದರು. ಜಿಂಕೆಯ ಮೇಲೆ ಉಗುರು ಆಡಿಸಿದರು. ಹಿಡಿಯನ್ನು ಸವರಿದರು.

“ಯಾರು ತಾಯಿ ಇದಕ್ಕೆ ಸ್ನಾನ ಮಾಡಿಸಿದ್ದು?”

“ನಾನೇ ರೀ. ಹುಣಸೆಹಣ್ಣು ಹಾಕಿ.”

ಮೈದುನ ನಕ್ಕ. “ನಮ್ಮ ಅತ್ತಿಗೆ ಕೈಗೆ ಸಿಕ್ರೆ ನಿಮ್ಮನ್ನೂ ಬೆಳಗಿಬಿಡ್ತಾರೆ ಅಜ್ಜಾರೆ.”

ಅಜ್ಜ ನಗಲಿಲ್ಲ. “ಹಳೇ ಕಬ್ಬಿಣಕ್ಕೆ ಒಂದು ಕರಿನೀಲಿ ಬಣ್ಣ ಇರ್ತೈತೆ ತಾಯಿ. ಹುಳಿ ತಾಗಿದ್ರೆ ಮುಗೀತು. ಜಿಂಕೆ ಗೆರೆನೂ ಮಾಸೈತೆ. ನನ್ನ ಗಿರಾಕಿ ನೋಡೋದೇ ಈ ಬಣ್ಣ, ಈ ಮರದ ಹಳಮೆ. ಇನ್ನು ಅವರು ತಗಳಲ್ಲ. ಹೊಡೆಯಾಕೆ ಚಲೋ ಐತೆ. ಹೊಡೆಯೋರಿಗೆ ಕೊಡ್ರಿ. ಅರ್ಧ ಬೆಲೆ ಸಿಕ್ರೆ ಹೆಚ್ಚು.”

ನಿಂಬೆಹಣ್ಣು ದೂರ ಇಡುತ್ತಿದ್ದ ಯಜಮಾನರ ಕೈ ಆಗ ನೆನಪಾಯಿತು.

“ಬಣ್ಣ ಹೋಗಲಿ ಬಿಡ್ರಿ. ಇಲ್ಲಿ ಮರದ ಮೇಲೆ ಕರ್ರಗೆ ಇತ್ತಲ್ಲ, ಅದು ಮತ್ತೆ ಬರ್ತೈತಾ?” ಎಂದು ಕೇಳಿದೆ.

“ಯಾರಾದ್ರೂ ಇಪ್ಪತ್ತು ಮೂವತ್ತು ವರ್ಷ ಕೆನ್ನೆ ಇಟ್ರೆ ಬರ್ತೈತೆ,” ಎಂದರು ಅಜ್ಜ. ಆಮೇಲೆ ಏನನ್ನೋ ತಿಳಿದುಕೊಂಡವರಂತೆ ಬಂದೂಕನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು.

ಕೊನೆಗೆ ಕೊಂಡವರು ಜಗಳೂರು ಕಡೆಯ ಒಬ್ಬ ಶೇಂಗಾ ಬೆಳೆಗಾರರು. ಅವರ ಹೊಲಕ್ಕೂ ಹಂದಿ ಬರುತ್ತವೆ. ಕಾಗದಪತ್ರ ಆಗಲು ತಿಂಗಳುಗಳೇ ಹಿಡಿದವು. ಅವರು ಕೇಳಿದ್ದು ಒಂದೇ ಮಾತು: “ಹೊಡಿತೈತಲ್ಲ?” ಜಿಂಕೆಯ ಕಡೆ ನೋಡಲೇ ಇಲ್ಲ. ಒಳ್ಳೆಯ ಮನುಷ್ಯರು, ಆದರೆ ಯಜಮಾನರು ಹೇಳಿದ ತಿಳಿದವರಲ್ಲ. ಠಾಣೆಯಲ್ಲೇ ಬಂದೂಕನ್ನು ಒಮ್ಮೆ ಎತ್ತಿ, ಉಜ್ಜಿ ಬಿಳುಪಾದ ಆ ಮರಕ್ಕೆ ಕೆನ್ನೆ ಒತ್ತಿ, ಗೋಡೆಯ ಕಡೆ ಗುರಿ ನೋಡಿದರು. ನಾನು ಹೊರಗೆ ಬಂದು ನಿಂತೆ.

ಈಗಲೂ ಹಿತ್ತಲಿಗೆ ಹೋದಾಗಲೆಲ್ಲ ಆ ಕಲ್ಲನ್ನು ನೋಡುತ್ತೇನೆ. ಕಪ್ಪು ನೀರು ಹರಿದಿಳಿದ ಪಕ್ಕದ ಮಣ್ಣನ್ನು ಒಂದೆರಡು ಸಲ ಕೆದಕಿಯೂ ನೋಡಿದ್ದೇನೆ. ಅವರ ಬನಿಯನ್ ಚೂರು ಇದೆ, ಎಣ್ಣೆಯ ಬಾಟಲಿ ಇದೆ, ಲೈಸೆನ್ಸಿನ ಜೆರಾಕ್ಸಿನಲ್ಲಿ ಅವರ ಮುಖವಿದೆ. ಅವರ ಕೆನ್ನೆ ತಾಗಿ ಆದ ಆ ಅಂಗೈಯಗಲದ ಕಪ್ಪು ಇಲ್ಲ.