ಎಲ್ಲರೆದುರು ಕೇಳಿದ ಪ್ರಶ್ನೆ

ಟೀಚರ್ ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಯಾವಾಗಲೋ ಲೋಕಲ್ ರೈಲು ಹತ್ತುವ ನೂಕಾಟದಲ್ಲಿ ಮುರಿದದ್ದು, ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಅದು ಸದಾ ನೆಟ್ಟಗೆ ಚಾಚಿರುತ್ತಿದ್ದುದರಿಂದ, ಪರಿಚಯವಿಲ್ಲದವರಿಗೆ ಅವರು ಗದರಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಗದರಿಸುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ನನಗೆ ಇತಿಹಾಸ ಕಲಿಸಿದವರು. ನಿವೃತ್ತರಾದ ಮೇಲೆ ಹಳೆಯ ವಿದ್ಯಾರ್ಥಿಗಳನ್ನೂ ಅವರ ಸ್ನೇಹಿತರನ್ನೂ ಸೇರಿಸಿ ಅಂತರ್ಜಾಲದಲ್ಲೊಂದು ಚರ್ಚೆಯ ಗುಂಪು ಕಟ್ಟಿದರು. ಮೀಸಲಾತಿಯಿರಲಿ, ಖಾಸಗೀಕರಣವಿರಲಿ, ಯಾವ ಕಡೆ ನಿಂತಾದರೂ ವಾದಿಸಬಹುದು. ಆದರೆ ಹೇಳಿದ್ದಕ್ಕೆ ಆಧಾರ ಕೊಡಬೇಕು, ಎದುರಿನವರನ್ನು ‘ನೀವು’ ಎನ್ನಬೇಕು. ತಾಂತ್ರಿಕ ಕೆಲಸ ನನ್ನದು. ಕಂಪ್ಯೂಟರ್ ಕೊಡಿಸಿದ್ದು ಕೋಪರಖೈರಣೆಯಲ್ಲಿ ಹೋಟೆಲ್ ಇಟ್ಟಿದ್ದ ಅವರ ತಮ್ಮ. ನಾವೆಲ್ಲ ಮಾಮ ಎನ್ನುತ್ತಿದ್ದೆವು. ಭಾನುವಾರ ಗೋಳಿಬಜೆ ಕಟ್ಟಿಸಿಕೊಂಡು ಬಂದು ಅಕ್ಕನೊಡನೆ ತುಳುವಿನಲ್ಲಿ ರಾಜಕೀಯ ಜಗಳ ಆಡುವುದೆಂದರೆ ಮಾಮನಿಗೆ ಹಬ್ಬ.

ಒಂದು ಚುನಾವಣೆಯ ಹೊತ್ತಿನಲ್ಲಿ ಮಾಮ ಹಳೆಯ ನಾಯಕರೊಬ್ಬರ ಭಾಷಣವೆಂದು ನಾಲ್ಕು ಸಾಲು ಹಾಕಿದರು. ಇದೆಲ್ಲಿ ಸಿಕ್ಕಿತೆಂದು ಟೀಚರ್ ಗುಂಪಿನಲ್ಲೇ ಕೇಳಿದರು. ಫೋನಿಗೆ ಬಂದದ್ದು, ಎಲ್ಲರೂ ಹಾಕಿದ್ದಾರೆ ಎಂದು ಉತ್ತರ ಬಂತು. ಟೀಚರ್ ಹುಡುಕಿದರು, ನಾನೂ ಹುಡುಕಿದೆ. ಅಂಥ ಭಾಷಣ ಎಲ್ಲೂ ಇರಲಿಲ್ಲ. ಟೀಚರ್ ಆ ಸಾಲುಗಳನ್ನು ಅಳಿಸಿದರು. ಅಷ್ಟರಲ್ಲಿ ಎದುರು ಬಣದವರು ಮಾಮನನ್ನು ಲೇವಡಿ ಮಾಡಿಯಾಗಿತ್ತು. ಅದನ್ನೂ ಟೀಚರ್ ಅಳಿಸಿದರು, ಆದರೆ ಮಾಮ ಓದಿಬಿಟ್ಟಿದ್ದರು. ಅವರು ಗುಂಪು ಬಿಟ್ಟರು. ಜೊತೆಗೆ ಅವರ ಕಡೆಯವರೆಲ್ಲ ಬಿಟ್ಟರು. ಭಾನುವಾರದ ಭೇಟಿಯೂ ನಿಂತಿತು.

ಮಾಮನದೊಂದು ಇರಲಿ ಎಂದು ಸುಮ್ಮನಿರಬಹುದಿತ್ತಲ್ಲ ಎಂದೆ.

“ಅವನದ್ದು ಬಿಟ್ಟರೆ ನಾಳೆ ಯಾರದ್ದನ್ನು ಅಳಿಸುವುದು?” ಎಂದರು.

ಮಾಮನ ಮಗಳ ಮದುವೆಗೆ ಸಾನಪಾಡಾಕ್ಕೆ ಟೀಚರ್ ಜೊತೆ ನಾನೂ ಹೋಗಿದ್ದೆ. ಊಟ ಆಯಿತಾ ಎಂದಷ್ಟೇ ಕೇಳಿ ಮಾಮ ಮುಂದೆ ಹೋದರು. ವಾಪಸು ಬರುವಾಗ, ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ಟೀಚರ್ ಬಾಯಿಬಿಟ್ಟರು.

“ಆಧಾರ ಕೇಳಿದ್ದು ಸರಿಯೇ ಮಾರಾಯ. ಒಂದು ಫೋನು ಮಾಡಿ ಕೇಳಬಹುದಿತ್ತು. ಎಲ್ಲರೆದುರು ಕೇಳಿಬಿಟ್ಟೆ.”

ಮರುದಿನವೇ ಗುಂಪಿಗೆ ಹೊಸ ನಿಯಮ ಬಂತು: ಸಂಶಯವಿದ್ದರೆ ಮೊದಲು ಬರೆದವರನ್ನೇ ಬೇರೆಯಾಗಿ ಕೇಳಬೇಕು. ಮಾಮನಿಗೂ ಎಷ್ಟೋ ಸಲ ಫೋನು ಮಾಡಿದರು. ಹೋಟೆಲಿನಲ್ಲಿದ್ದಾರೆ ಎಂಬ ಮನೆಯವರ ಉತ್ತರವಷ್ಟೇ ಸಿಗುತ್ತಿತ್ತು.

ಟೀಚರ್ ಹೃದಯಾಘಾತದಿಂದ ತೀರಿಕೊಂಡ ದಿನ ಮಾಮ ಬಂದರು. ದಹನ ಮುಗಿದ ಮೇಲೆ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಬೆಂಚಿನ ಮೇಲೆ ಕುಳಿತು ಕೇಳಿದರು: “ನಾನು ಬಿಟ್ಟ ಮೇಲೆ ಅಲ್ಲಿ ಅಕ್ಕ ನನ್ನ ಬಗ್ಗೆ ಎಂತ ಬರೆದಿದ್ದಳು?”

ಒಂದಕ್ಷರವೂ ಇಲ್ಲ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಗುಂಪು ತೆರೆದು ಫೋನನ್ನು ಅವರ ಕೈಗೇ ಕೊಟ್ಟೆ. ಅಕ್ಕ ಬರೆದದ್ದನ್ನು ಒಂದೊಂದಾಗಿ ಓದುತ್ತಾ ಹೋದರು. ಠಾಣೆ ಕಡೆಯ ಲೋಕಲ್ ಬಂತು, ನಿಂತಿತು, ಹೋಯಿತು. ಮಾಮ ತಲೆಯೆತ್ತಲಿಲ್ಲ.