ಗಾಳೆಮ್ಮನ ದೊರೆಸಾನಿ

ಮಸ್ಕಿಯ ಗುಡ್ಡದ ಬುಡದಲ್ಲಿ ಕುರಿ ಸಾಕಿಕೊಂಡಿದ್ದ ಗಾಳೆಮ್ಮನಿಗೆ ಕುರಿಗಳ ಮೇಲೆ ಪ್ರೀತಿ, ನಾಯಿಗಳ ಮೇಲೆ ಜಂಬ. ಆ ಜಂಬ ಸುಳ್ಳಾಗಿರಲಿಲ್ಲ. ನಿಜಾಮರ ಆ ಕಾಲದಲ್ಲಿ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಯಾರ ಕುರಿಹಿಂಡಿಗೆ ತೋಳ ನುಗ್ಗಿದರೂ ಅವರು ನಾಯಿಮರಿ ಕೇಳಿಕೊಂಡು ಬರುತ್ತಿದ್ದದ್ದು ಇವಳ ಬಾಗಿಲಿಗೇ. ಗಂಡುಮರಿಗಳನ್ನು ಕೊಡುತ್ತಿದ್ದಳು, ಹೆಣ್ಣುಮರಿಯನ್ನು ಮಾತ್ರ ಹೊರಗೆ ಬಿಡುತ್ತಿರಲಿಲ್ಲ. "ಸರಕಾರ್ ಬಂದು ಕೇಳಿದ್ರೂ ಕೊಡಂಗಿಲ್ಲ" ಎನ್ನುತ್ತಿದ್ದಳು.

ಅವಳ ಮನೆತನದಲ್ಲಿ ಮರಿಗಳು ಹುಟ್ಟಿ ಬೆಳೆಯುತ್ತಿದ್ದದ್ದು ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ. ಹಿಕ್ಕೆ, ಧೂಳು, ಉಣ್ಣಿ ಎಲ್ಲದರ ನಡುವೆ ತಾಯಿಯ ಮೊಲೆಗೆ ಜೋತುಬಿದ್ದು ಬೆಳೆದವೇ ಮುಂದೆ ತೋಳಕ್ಕೆ ಎದುರು ನಿಲ್ಲುತ್ತಿದ್ದವು.

ಒಂದು ವರ್ಷ ತೋಳದೊಡನೆ ಹೊಡೆದಾಡಿ ತಾಯಿನಾಯಿ ಸತ್ತಿತು. ಉಳಿದದ್ದು ಕಣ್ಣು ಬಿಡದ ಒಂದೇ ಹೆಣ್ಣುಮರಿ. ಇದೂ ಹೋದರೆ ತಳಿಯೇ ಮುಗಿಯಿತು ಎಂದು ಗಾಳೆಮ್ಮನ ಜೀವ ಬಾಯಿಗೆ ಬಂತು. ರೂಢಿಯನ್ನು ಬದಿಗಿಟ್ಟು ಮರಿಯನ್ನು ಮನೆಯೊಳಗೆ ತಂದಳು. ಆಡಿನ ಹಾಲು ಕುಡಿಸಿದಳು, ಕಂಬಳಿಯ ಮೇಲೆ ಮಲಗಿಸಿದಳು, ದಿನಾ ಬೇವಿನೆಣ್ಣೆ ತಿಕ್ಕಿದಳು. ಪಕ್ಕದ ಮನೆಯ ತಮ್ಮ ಯಂಕೋಬನಿಗೆ ನಗು ತಡೆಯಲಿಲ್ಲ.

"ಅಕ್ಕಾ, ಇದು ನಾಯೇನ, ದೊರೆಸಾನೇನ? ಹೊಸ್ತಿಲ ದಾಟಂಗಿಲ್ಲಲ್ಲ!"

"ನಗು, ನಗು. ಇದರ ಮೈಗೆ ಒಂದು ಉಣ್ಣಿ ಹತ್ತಗೊಡಂಗಿಲ್ಲ ನಾ."

ದೊರೆಸಾನಿ ಎಂಬ ಹೆಸರೇ ನಿಂತಿತು. ಎದೆ ಅಗಲಿಸಿಕೊಂಡು ಎಳೆಗರುವಿನಂತೆ ಬೆಳೆದ ಅದನ್ನು ಗಾಳೆಮ್ಮ ಮುಂಗಾರಿನ ಹೊತ್ತಿಗೆ ರೊಪ್ಪಕ್ಕೆ ಬಿಟ್ಟಳು. ಕೆಲವೇ ದಿನಗಳಲ್ಲಿ ನಾಯಿ ಕೂಳು ಬಿಟ್ಟಿತು. ಮೈ ಕೆಂಡದಂತೆ ಸುಡುತ್ತಿತ್ತು, ಒಸಡು ಬೆಳ್ಳಗಾಗಿತ್ತು, ಉಚ್ಚೆ ಕೆಂಪಗೆ ಹೋಗುತ್ತಿತ್ತು.

"ಉಣ್ಣಿ ಜ್ವರ" ಎಂದ ಯಂಕೋಬ.

"ನಿನ್ನ ನಾಯಿಗೋಳೂ ಇದ ರೊಪ್ಪದಾಗ ಮಕ್ಕೊಂತಾವಲ್ಲೋ! ಅವಕ್ಯಾಕ ಏನೂ ಆಗಿಲ್ಲ?"

"ಅವು ಹುಟ್ಟಿದ್ದ ಇಲ್ಲಿ. ಹಾಲು ಕುಡಿಯಾಕತ್ತಾಗನ ಉಣ್ಣಿ ಕಡಸ್ಕೊಂಡಾವ, ನೆತ್ತರ ಪಳಗೇತಿ. ನಿನ್ನ ದೊರೆಸಾನಿಗೆ ಉಣ್ಣಿ ಅಂದ್ರ ಏನಂತನ ಗೊತ್ತಿಲ್ಲಲ್ಲ ಅಕ್ಕಾ."

ಯಂಕೋಬ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉಣ್ಣಿಯ ಬಾಯಿಂದ ಕಣ್ಣಿಗೆ ಕಾಣದ ಪರೋಪಜೀವಿಗಳು ನಾಯಿಯ ನೆತ್ತರಿಗೆ ಇಳಿದು ಕೆಂಪು ಕಣಗಳನ್ನು ಒಡೆಯುತ್ತವೆ. ತಾಯಿಯ ಹಾಲಿನ ಬಲವಿರುವಾಗಲೇ ಈ ವೈರಿಯ ಪರಿಚಯವಾದರೆ ಮರಿಗೆ ಜ್ವರ ಹಗುರಾಗಿ ಬಂದು ಹೋಗುತ್ತದೆ, ಮೈ ಅದರ ಗುರುತು ಇಟ್ಟುಕೊಳ್ಳುತ್ತದೆ. ಗಾಳೆಮ್ಮನ ಅಕ್ಕರೆ ದೊರೆಸಾನಿಗೆ ಆ ಪರಿಚಯವನ್ನೇ ತಪ್ಪಿಸಿತ್ತು. ತನ್ನ ಕೈಯಾರೆ ಆದದ್ದೆಂದು ತಿಳಿದ ಅವಳು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಮನಿಗೆ ಎತ್ಕೊಂಡು ಹೋಗು" ಎಂದ ಯಂಕೋಬ.

"ಇಲ್ಲ. ಬದುಕಿದ್ರ ಇದು ಇಲ್ಲೇ ಬದುಕಬೇಕು. ಹೊಡದಾಡಾಕಿ ಅದು, ನಾ ಬರೇ ನೀರು ಹಿಡಿಯಾಕಿ."

ಹಾಗೆಂದು ಸುಮ್ಮನೆ ಕೂರಲಿಲ್ಲ. ಕಚ್ಚಿಕೊಂಡಿದ್ದ ಉಣ್ಣಿಗಳನ್ನು ಕಿತ್ತಳು, ಬಿಸಿಲಿಗೆ ಕಂಬಳಿಯ ಮರೆ ಕಟ್ಟಿದಳು, ಕುರಿಯ ಈಲಿಯನ್ನು, ಅಂದರೆ ಯಕೃತ್ತನ್ನು, ಬೇಯಿಸಿ ಬಸಿದ ತಿಳಿಯನ್ನು ಬೆರಳಿನಿಂದ ನಾಲಿಗೆಗೆ ಸವರಿದಳು. ನಾಯಿ ಎಲುಬಿನ ಗೂಡಾಯಿತು. ಕಡೆಗೊಂದು ಮುಂಜಾನೆ ತಾನಾಗಿ ಎದ್ದು ಅಂಬಲಿಯ ಗಡಿಗೆಗೆ ಮೂತಿ ಹಾಕಿತು. ಗಾಳೆಮ್ಮ ಅತ್ತಳು. ಗಡಿಗೆ ಎಂಜಲಾಯಿತೆಂದು ಬೈದಳು ಕೂಡ.

ಮರುವರ್ಷದ ಮಳೆಗೆ ಮತ್ತೆ ಉಣ್ಣಿ ಹತ್ತಿತು. ಅವಳು ದಿನವೂ ನಾಯಿಯ ಹಿಂದೆಯೇ ಅಲೆದು ಉಚ್ಚೆಯ ಬಣ್ಣ ನೋಡಿದಳು. ಕೆಂಪಾಗಲಿಲ್ಲ. ದೊರೆಸಾನಿ ಅಂಬಲಿ ಕುಡಿದು, ಬೇಲಿಯಾಚೆಯ ತೋಳವನ್ನು ಗುಡ್ಡ ಹತ್ತಿಸಿ ಬಂತು. ಅವತ್ತು ಗಾಳೆಮ್ಮ ಕಂಡಕಂಡವರಿಗೆಲ್ಲ ಅದೇ ಸುದ್ದಿ ಹೇಳಿದಳು.

ಮುಂದೆ ದೊರೆಸಾನಿ ರೊಪ್ಪದಲ್ಲೇ ಮರಿ ಹಾಕಿತು. ಅವುಗಳನ್ನು ಎತ್ತಿ ಮನೆಗೆ ಒಯ್ಯಲು ಗಾಳೆಮ್ಮನ ಕೈ ತುಡಿಯುತ್ತಿತ್ತು. ಲಿಂಗಸುಗೂರಿನ ಕುರಿ ವ್ಯಾಪಾರಿ ರಾಜೇಸಾಬ್ ಮರಿಯೊಂದನ್ನು ಬೇಡಲು ಬಂದವನು ಅದರ ಕಿವಿಯಲ್ಲಿದ್ದ ಉಣ್ಣಿ ಕಂಡು ಮುಖ ಕಿವುಚಿದ.

"ಗಾಳೆಮ್ಮಕ್ಕಾ, ಇವನ್ನ ಮನ್ಯಾಗಿಟ್ಟು ಸಾಫ್ ಮಾಡಬಾರದೇನ್ರಿ?"

ಗಾಳೆಮ್ಮ ತುಡಿಯುವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆಯೆತ್ತಿ ನಿಂತಳು.

"ಹಾಲು ಬಿಟ್ಟ ಮ್ಯಾಲ ಬಾ ಸಾಬಣ್ಣ. ಅವರವ್ವ ಸಾವಿನ ಬಾಯಿಗೆ ಹೋಗಿ ಗಳಿಸಿಕೊಂಡು ಬಂದದ್ದನ್ನ ಅವು ಕುಡಿಯಾಕತ್ತಾವ. ಈಗ ಮುಟ್ಟಬ್ಯಾಡ. ನಾನೂ ಮುಟ್ಟಂಗಿಲ್ಲ."