ದೇವಕಮ್ಮನ ಮೂಕ ನೀರು

ದೇವಾಪುರದ ಆಚೆಯ ಮೆಟ್ಟಿಲು ಬಾವಿಯಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಹಿತ್ತಾಳೆ ಕೊಡ ಸೊಂಟಕ್ಕಿಟ್ಟು ದೇವಕಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಫೋಟೊ ತೆಗೆಯುವ ಆತುರದಲ್ಲಿ ನಾನು ಎದುರಿಗೆ ಇಳಿಯುತ್ತೇನೆ.

"ನಿಲ್ರಿ. ಆ ಕಲ್ಲು ಜಾರ್ತದ."

ಗಕ್ಕನೆ ನಿಲ್ಲುತ್ತೇನೆ. ಅವರು ಮೇಲೆ ಬಂದವರೇ ಕೊಡದ ನೀರನ್ನೆಲ್ಲ ಬೇವಿನ ಬುಡಕ್ಕೆ ಸುರಿದು ಮತ್ತೆ ಕೆಳಗಿಳಿಯುತ್ತಾರೆ.

ತಪ್ಪು ನನ್ನದೆಂದು ತಿಳಿಯುವುದು ಆಮೇಲೆ. ಊರ ಗುಡಿಯ ಹಣಮಪ್ಪನ ಅಭಿಷೇಕಕ್ಕೆ ಇಲ್ಲಿ ಮೂಕ ನೀರೇ ಆಗಬೇಕು. ಕೊಡ ತುಂಬಿದಾಗಿನಿಂದ ದೇವರ ಮೈಮೇಲೆ ಸುರಿಯುವವರೆಗೆ ಹೊತ್ತವರು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಆ ನೀರು ಗಿಡಕ್ಕೆ. ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವನಿಗೆ ಈ ಕೆಲಸ ಒಂದು ದಿನವೂ ದಕ್ಕದು.

"ನೀರು ನೆಲದಾಗಿಂದು ಏನೋ ದೇವರಿಗೆ ಹೇಳಾಕ ಹೊಂಟಿರ್ತದ್ರಿ. ನಡುವ ನಾವು ಬಾಯಿ ಹಾಕಬಾರದು," ಎನ್ನುತ್ತಾರೆ ದೇವಕಮ್ಮ. ಇದು ಅತ್ತೆ ಮಲ್ಲಾಬಾಯಿ ಕಲಿಸಿದ ಮಾತು. ಅತ್ತೆಯ ಕೊಡ ಇವರ ಸೊಂಟಕ್ಕೆ ಬಂದು ಮೂವತ್ತೊಂದು ವರ್ಷ. ನಲವತ್ತೆರಡು ಮೆಟ್ಟಿಲು, ದಿನಕ್ಕೆ ಐದು ಕೊಡ; ಅದು ಮುಗಿದ ಮೇಲೆ ಹತ್ತಿ ಬಿಡಿಸಲು ಹೊಲಕ್ಕೆ. ಮಂಡಿ ಸವೆದಿದೆ, ಗತ್ತು ಸವೆದಿಲ್ಲ.

ಈಚೆಗೆ ಬಾವಿ ನೋಡಲು ಬರುವವರು ಹೆಚ್ಚಾಗಿದ್ದಾರೆ. ಪಾಚಿಗಟ್ಟಿದ ಏಳನೇ ಮೆಟ್ಟಿಲಿಗೆ ಯಾರಾದರೂ ಕಾಲಿಡುವುದು ಕಂಡರೆ ದೇವಕಮ್ಮ ಸುಮ್ಮನಿರಲಾರರು. ಹೀಗಾಗಿ ಪೂಜೆ ತಡವಾಗುತ್ತದೆ. ಇನ್ನೊಮ್ಮೆ ತಡವಾದರೆ ಈ ಕೊಡವೇ ಬೇಡ, ಗುಡಿ ಮುಂದಿನ ನಳದ ನೀರೇ ಸಾಕು ಎಂದು ಪೂಜಾರಿ ಹಣಮಂತ್ರಾಯ ಹೋದ ವಾರವಷ್ಟೇ ಹೇಳಿದ್ದಾರಂತೆ. ಆ 'ಇನ್ನೊಮ್ಮೆ' ಇವತ್ತು ನನ್ನಿಂದಲೇ ಆಗಿದೆ.

ಅಭಿಷೇಕ ಮುಗಿಸಿ ಗುಡಿಯಿಂದ ಹೊರಬಂದ ಪೂಜಾರಿ ತಡವೇಕೆಂದು ಕೇಳಿಯೇ ಬಿಡುತ್ತಾರೆ. ನಾನು ತಪ್ಪೊಪ್ಪಿಕೊಳ್ಳುವ ಮೊದಲೇ ದೇವಕಮ್ಮ ನನ್ನತ್ತ ಕೈ ತೋರಿಸುತ್ತಾರೆ.

"ಹಣಮಪ್ಪ ಎಲ್ಲಿಗೂ ಹೋಗಂಗಿಲ್ರಿ, ಕಾಯ್ತಾನ. ಇವ್ರು ಕಾಲು ಮುರಕೊಂಡಿದ್ರ ದವಾಖಾನಿ ಅಷ್ಟು ದೂರ ಸುರಪುರದಾಗ ಅದ."

ಪೂಜಾರಿ ನನ್ನ ಕಾಲನ್ನೊಮ್ಮೆ ನೋಡಿ, "ನಾಳಿಂದ ನಿನ್ನ ನೀರು ಬಂದ ಮ್ಯಾಲೇ ಗಂಟಿ ಬಾರಸ್ತೀನಿ ತಗೋ ದೇವಕ್ಕ," ಎನ್ನುತ್ತಾರೆ.

ಹೊರಡುವಾಗ ದೇವಕಮ್ಮನಿಗೆ ಏನಾದರೂ ಬೇಕೇ ಎಂದು ಕೇಳುತ್ತೇನೆ. ಏಳನೇ ಮೆಟ್ಟಿಲ ಹತ್ತಿರ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸಲಾಕೆ ಹಾಕಿಸಿದರೆ ಸಾಕಂತೆ.

"ನನಗಲ್ರಿ, ನನ್ನ ಕೈಯಾಗ ಕೊಡ ಇರ್ತದ. ಬರೂ ಮಂದಿಗೆ. ಅಲ್ಲಿತನಕ ನಾ ಮಾತಾಡಾಕಿನೇ."